ಹೊಸ ಮೀನಿಗೆ 37 ದಿನ: ಕಾರವಾರದ ನಮ್ಮ ಮನೆಯ ರೀಫ್ ಟ್ಯಾಂಕಿನ ಕೆಲಸದ ದಾಖಲೆ

ಡಿಸೆಂಬರ್ 17ರ ಸಂಜೆ, ಮನೆಗೆ ಬಂದು 37 ದಿನಕ್ಕೆ, ಸಣ್ಣ ಕ್ಲೌನ್ ಮೀನು ನಮ್ಮ ಮುಖ್ಯ ರೀಫ್ ಟ್ಯಾಂಕಿಗೆ, ಅಂದರೆ ಸಮುದ್ರದ ಮೀನು, ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿಗೆ ಇಳಿಯಿತು. ಇವತ್ತಿಗೆ ಹತ್ತು ದಿನ. ಹಳೆಯ ಮೀನಿನ ಜೊತೆ ಒಂದೇ ಮೂಲೆಯಲ್ಲಿ ಮಲಗುತ್ತಿದೆ, ಕೊಟ್ಟಿದ್ದು ತಿನ್ನುತ್ತಿದೆ, ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಇಲ್ಲಿಗೆ ಬರಲು ಐದು ತಿಂಗಳು ಹಿಡಿಯಿತು. ಮಧ್ಯೆ ಮೂರು ಮೀನು ಸತ್ತವು. ಮೂರೂ ನನ್ನ ತಪ್ಪಿನಿಂದಲೇ. ಸಣ್ಣ ಟ್ಯಾಂಕ್ ಇಟ್ಟುಕೊಂಡು ಹೊಸ ಮೀನು ತರಬೇಕು ಅಂತಿರುವವರಿಗೆ ಉಪಯೋಗ ಆಗಲಿ ಎಂದು ನೋಟ್‌ಬುಕ್‌ನಲ್ಲಿ ಇದ್ದಿದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮುಖ್ಯ ಟ್ಯಾಂಕ್ 75 × 40 × 40 ಸೆಂ.ಮೀ. ಲೆಕ್ಕಕ್ಕೆ 120 ಲೀಟರ್, ಕಲ್ಲು ಮರಳು ಕಳೆದರೆ 100 ಲೀಟರ್ ನೀರು. ಒಂದೂವರೆ ವರ್ಷ ಹಳೆಯದು. 14 ಕೆಜಿ ಒಣ ಕಲ್ಲು, ಝೋವಾಂತಿಡ್ ಮತ್ತು ಮಶ್ರೂಮ್ ಎಂಬ ಮೆತ್ತಗಿನ ಹವಳಗಳು, ಆರು ಶಂಖದ ಹುಳು, ಮೂರು ಹರ್ಮಿಟ್ ಏಡಿ. ಗಟ್ಟಿ ಹವಳ ಇಟ್ಟಿಲ್ಲ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ಬಂದ ಸ್ನೇಹಿತರು "ಒಂದು ತುಂಡು ತರಬಹುದಿತ್ತು" ಅಂದಾಗಲೂ ನಾನು ಇದನ್ನೇ ಹೇಳಿದ್ದೆ. ಅವು ಅಲ್ಲೇ ಇರಲಿ.

ಜುಲೈ 27 – ಆಗಸ್ಟ್ 14: ಕೆಟ್ಟದ್ದು ಹೇಗೆ

ಆಗ ಟ್ಯಾಂಕಿನಲ್ಲಿ ಎರಡು ಒಸೆಲ್ಲಾರಿಸ್ ಕ್ಲೌನ್ ಮೀನು ಇದ್ದವು. ಮೂರನೆಯದಾಗಿ ಒಂದು ಪಜಾಮಾ ಕಾರ್ಡಿನಲ್ ಮೀನು ತರಿಸಿದೆ. ರಾತ್ರಿ ಬಸ್ಸಿನಲ್ಲಿ ಬಂತು. ಚೀಲ ಬಿಚ್ಚಿ ಬಕೆಟ್‌ಗೆ ಸುರಿದೆ. ಏರ್ ಟ್ಯೂಬಿಗೆ ಗಂಟು ಹಾಕಿ ಎರಡು ತಾಸು ಹನಿಹನಿಯಾಗಿ ಟ್ಯಾಂಕಿನ ನೀರು ಬಿಟ್ಟೆ. ಹಾಗೆ ಮಾಡಿದರೆ ಮೀನಿಗೆ ಒಳ್ಳೆಯದು ಅಂತ ಓದಿದ್ದೆ. ಮೀನು ಜೋರಾಗಿ ಉಸಿರಾಡುತ್ತಿತ್ತು. ಪ್ರಯಾಣದ ಸುಸ್ತು ಅಂದುಕೊಂಡೆ. ಆಮೇಲೆ ನೇರವಾಗಿ ಮುಖ್ಯ ಟ್ಯಾಂಕಿಗೆ ಬಿಟ್ಟೆ.

ಇದರಲ್ಲಿ ಎರಡು ತಪ್ಪು. ಒಂದು, ದೂರದಿಂದ ಬಂದ ಚೀಲವನ್ನು ಬಿಚ್ಚಿ ತಾಸುಗಟ್ಟಲೆ ಇಡಬಾರದು. ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನಿಂದ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಹಾಗಾಗಿ ಮೀನಿನ ತ್ಯಾಜ್ಯದಿಂದ ಒಳಗೆ ಸೇರಿದ ಅಮೋನಿಯಾ ಅಷ್ಟು ವಿಷವಾಗಿರುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಗಾಳಿ ಬದಲಾಗುತ್ತದೆ, ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ನಾನು ಎರಡು ತಾಸು ಮೀನನ್ನು ಅದರಲ್ಲೇ ಇಟ್ಟಿದ್ದೆ.

ಎರಡನೆಯದು ದೊಡ್ಡದು. ಬೇರೆ ಟ್ಯಾಂಕಿನಲ್ಲಿ ಇಟ್ಟು ನೋಡದೆ ನೇರವಾಗಿ ಬಿಟ್ಟೆ.

ಆಗಸ್ಟ್ 3ಕ್ಕೆ ಕಾರ್ಡಿನಲ್ ರೆಕ್ಕೆಯ ಮೇಲೆ ಉಪ್ಪಿನ ಹರಳಿನಂಥ ಚುಕ್ಕೆ. ಎರಡು ದಿನಕ್ಕೆ ಕ್ಲೌನ್‌ಗಳ ಮೇಲೂ ಬಂತು. ಕ್ರಿಪ್ಟೋಕ್ಯಾರಿಯನ್ ಇರಿಟಾನ್ಸ್ ಎಂಬ ಪರಾವಲಂಬಿ ಸೂಕ್ಷ್ಮಜೀವಿ, ಸುಲಭಕ್ಕೆ ಹುಳ ಅನ್ನೋಣ. ಹವ್ಯಾಸಿಗಳು ಇಕ್ ಅನ್ನುತ್ತಾರೆ. ಹವಳಕ್ಕೂ ತೊಂದರೆ ಇಲ್ಲ ಎಂದು ಬರೆದಿದ್ದ ಒಂದು ಬಾಟಲಿ ಔಷಧಿ ಹಾಕಿದೆ. ಏನೂ ಆಗಲಿಲ್ಲ. ತಾಮ್ರದ ಔಷಧಿ ಹಾಕುವ ಹಾಗಿಲ್ಲ, ಶಂಖದ ಹುಳು, ಏಡಿ, ಹವಳ ಎಲ್ಲ ಸಾಯುತ್ತವೆ. ಮಧ್ಯೆ ಒಂದು ದಿನ ಚುಕ್ಕೆ ಪೂರ್ತಿ ಮಾಯವಾಯಿತು. ವಾಸಿಯಾಯಿತು ಅಂತ ಖುಷಿಪಟ್ಟೆ. ಅದು ವಾಸಿಯಲ್ಲ. ಹುಳ ಮೀನಿನ ಮೈಮೇಲೆ 3ರಿಂದ 7 ದಿನ ಇದ್ದು, ಉದುರಿ, ಕಲ್ಲು ಮರಳಿಗೆ ಅಂಟಿ ಗೂಡು ಕಟ್ಟುತ್ತದೆ. ಅಲ್ಲಿ ನೂರಾರು ಮರಿಯಾಗಿ ಮತ್ತೆ ಬರುತ್ತದೆ. ಚುಕ್ಕೆ ಇಲ್ಲದ ದಿನ ಅಂದರೆ ಅದು ಕೆಳಗೆ ಹೆಚ್ಚುತ್ತಿರುವ ದಿನ.

ಆಗಸ್ಟ್ 9ಕ್ಕೆ ಕಾರ್ಡಿನಲ್ ಸತ್ತಿತು. 12ಕ್ಕೆ ಸಣ್ಣ ಕ್ಲೌನ್. ಎರಡು ವರ್ಷದ ಮಗಳು ಪ್ರತಿದಿನ ಬೆಳಿಗ್ಗೆ ಎರಡೂ ಕ್ಲೌನ್‌ಗಳಿಗೆ ಕೈಬೀಸುತ್ತಿದ್ದಳು. 13ರ ಬೆಳಿಗ್ಗೆ ಒಂದಕ್ಕೇ ಬೀಸಿ, ಇನ್ನೊಂದನ್ನು ಹುಡುಕಿದಳು. ಅವತ್ತು ಸಂಜೆಯೇ ಎರಡು ಟಬ್ ತಂದೆ.

ಆಗಸ್ಟ್ 14 – 26: ಉಳಿದ ಒಂದನ್ನು ಉಳಿಸುವುದು

ಔಷಧಿ ಇಲ್ಲದ ದಾರಿ ಒಂದಿದೆ. ಉದುರಿದ ಗೂಡಿನಿಂದ ಮರಿ ಹೊರಬರಲು ಕಡಿಮೆ ಅಂದರೂ ಮೂರು ದಿನ ಬೇಕು. ಪ್ರತಿ 72 ತಾಸಿಗೆ ಮೊದಲು ಮೀನನ್ನು ಪೂರ್ತಿ ಹೊಸ ಟಬ್, ಹೊಸ ನೀರಿಗೆ ದಾಟಿಸಿದರೆ ಹುಳ ಹಿಂದೆ ಉಳಿಯುತ್ತದೆ, ಮೀನು ಮುಂದೆ ಹೋಗುತ್ತದೆ. ಹೀಗೆ 1, 4, 7, 10ನೇ ದಿನ ಹೊಸ ಟಬ್, 13ನೇ ದಿನ ಶುದ್ಧ ಟ್ಯಾಂಕ್.

25 ಲೀಟರ್‌ನ ಎರಡು ಪ್ಲಾಸ್ಟಿಕ್ ಟಬ್, ಒಂದೊಂದಕ್ಕೆ 310 ರೂ. ತಲಾ 20 ಲೀಟರ್ ನೀರು. ಪ್ರತಿ ಟಬ್‌ಗೆ ಬೇರೆ ಏರ್ ಟ್ಯೂಬ್, ಬೇರೆ ಏರ್ ಸ್ಟೋನ್, ಮೀನು ಅಡಗಲು ಬೇರೆ ಪಿವಿಸಿ ಎಲ್ಬೋ (ಬಾಗಿದ ಪೈಪ್ ತುಂಡು). ಹೀಟರ್ ಮಾತ್ರ ಒಂದೇ, ಪ್ರತಿ ಸಲ ವಿನೆಗರ್‌ನಲ್ಲಿ ತೊಳೆದು ಒಣಗಿಸುತ್ತಿದ್ದೆ.

ಮೀನು ಹಿಡಿಯಲು ಒಂದೂವರೆ ತಾಸು ಹೋಯಿತು. ಕಲ್ಲು ಪೂರ್ತಿ ತೆಗೆಯಬೇಕಾಯಿತು. ಕಲ್ಲು ಜೋಡಿಸುವಾಗಲೇ, ಮುಂದೆ ಒಂದು ದಿನ ಇಲ್ಲಿಂದ ಮೀನು ಹಿಡಿಯಬೇಕಾಗುತ್ತದೆ ಅಂತ ಯೋಚಿಸಿ ಜೋಡಿಸಿ.

ಟಬ್ ಪೂರ್ತಿ ಒಣಗಬೇಕು, ಆಗಲೇ ಉಳಿದ ಗೂಡು ಸಾಯುವುದು. ಕಾರವಾರದಲ್ಲಿ ಶ್ರಾವಣದ ಮಳೆಯಲ್ಲಿ ಬಟ್ಟೆಯೇ ಮೂರು ದಿನಕ್ಕೆ ಒಣಗುವುದಿಲ್ಲ, ಟಬ್ ಎಲ್ಲಿ ಒಣಗುತ್ತದೆ ಹೇಳಿ? ಮೊದಲ ಟಬ್ ಒಂದು ದಿನ ಫ್ಯಾನಿನ ಕೆಳಗೆ ಇಟ್ಟರೂ ಅಂಚಿನಲ್ಲಿ ತೇವ ಉಳಿದಿತ್ತು. ಆಮೇಲೆ ಅಮ್ಮನ ಉಪಾಯದಂತೆ ಬಚ್ಚಲೊಲೆಯ ಪಕ್ಕ ಬೋರಲು ಹಾಕಿದೆವು. ಸಂಜೆ ನೀರು ಕಾಯಿಸಿದ ಬಿಸಿಗೆ ಬೆಳಗಾಗುವಷ್ಟರಲ್ಲಿ ಗರಿಗರಿ ಒಣಗುತ್ತಿತ್ತು. ಒಲೆಗೆ ಒಂದು ಮಾರು ದೂರ ಇರಲಿ, ಹತ್ತಿರ ಇಟ್ಟರೆ ಪ್ಲಾಸ್ಟಿಕ್ ಬಾಗುತ್ತದೆ.

"ಸಮುದ್ರ ಇಲ್ಲೇ ಇದೆ, ಉಪ್ಪು ಯಾಕೆ ದುಡ್ಡು ಕೊಟ್ಟು ತರಿಸುತ್ತೀರಿ" ಅಂತ ಪಕ್ಕದ ಮನೆಯವರು ಕೇಳುತ್ತಾರೆ. ಆಗಸ್ಟ್‌ನಲ್ಲಿ ಟಾಗೋರ್ ಬೀಚಿನಿಂದ ಒಂದು ಬಾಟಲಿ ನೀರು ತಂದು, ಉಪ್ಪಿನಂಶ ಗೊತ್ತಾಗಲು ಅದರ ಸಾಪೇಕ್ಷ ಸಾಂದ್ರತೆ (ಸಿಹಿನೀರಿಗೆ 1.000) ಅಳೆದು ತೋರಿಸಿದೆ. 1.014. ಟ್ಯಾಂಕಿಗೆ ಬೇಕಿದ್ದು 1.025. ಮಳೆಗಾಲದಲ್ಲಿ ಕಾಳಿ ನದಿ ತಂದು ಸುರಿಯುವ ಸಿಹಿನೀರು ಮತ್ತು ಕೆಂಪು ಮಣ್ಣು ಆ ನೀರಲ್ಲಿ ಕಣ್ಣಿಗೇ ಕಾಣುತ್ತದೆ. ಮೇಲಾಗಿ ಬೇರೆ ಮೀನುಗಳ ಹುಳ ಅದರಲ್ಲಿ ಬಂದರೆ ಇಷ್ಟು ಕಷ್ಟಪಟ್ಟಿದ್ದೆಲ್ಲ ಸುಮ್ನೆ. ಆರ್‌ಒ ನೀರಿಗೆ ಸಿಂಥೆಟಿಕ್ ಉಪ್ಪು ಬೆರೆಸಿಯೇ ಮಾಡಿದೆ. 20 ಲೀಟರ್‌ಗೆ ಸುಮಾರು 715 ಗ್ರಾಂ.

ಅಷ್ಟರಲ್ಲಿ ಕ್ವಾರಂಟೈನ್ ಟ್ಯಾಂಕ್ ಸಿದ್ಧವಾಯಿತು. 60 × 30 × 30 ಸೆಂ.ಮೀ., 5 ಮಿ.ಮೀ. ಗಾಜು, ಇಲ್ಲಿನ ಗಾಜಿನ ಅಂಗಡಿಯಲ್ಲಿ 1,300 ರೂ. ಸಿಲಿಕೋನ್ ನಾನೇ ಕೊಟ್ಟೆ. ಬಚ್ಚಲು ಮನೆಗೆ ಹಾಕುವ, ಬೂಸ್ಟು ಬರದಂತೆ ಔಷಧಿ ಸೇರಿಸಿದ ಸಿಲಿಕೋನ್ ಮೀನಿಗೆ ವಿಷ. ಏನೂ ಸೇರಿಸದ ಸಾದಾ ಸಿಲಿಕೋನ್ ಕೇಳಿ ತನ್ನಿ. ಮಳೆ ಹವೆಗೆ ಒಂದು ವಾರ ಒಣಗಲು ಬಿಟ್ಟೆ. ವಿನೆಗರ್‌ನಂಥ ವಾಸನೆ ಪೂರ್ತಿ ಹೋದ ಮೇಲೆ ನೀರು ತುಂಬಿ ಎರಡು ದಿನ ಸೋರುತ್ತದಾ ನೋಡಿದೆ. ಒಳಗೆ ಮರಳು ಇಲ್ಲ, ಕಲ್ಲು ಇಲ್ಲ. ಒಂದು ಸ್ಪಾಂಜ್ ಫಿಲ್ಟರ್, 100 ವ್ಯಾಟ್ ಹೀಟರ್, ಮೂರು ಪಿವಿಸಿ ಎಲ್ಬೋ, ಅಷ್ಟೇ. ನೀರು 45 ಲೀಟರ್. ಮುಖ್ಯ ಟ್ಯಾಂಕ್ ಇರುವುದು ಹಾಲ್‌ನಲ್ಲಿ, ಇದನ್ನು ಹಿಂದಿನ ಕೋಣೆಯಲ್ಲಿ ಹಳೇ ಹೊಲಿಗೆ ಮೇಜಿನ ಮೇಲೆ ಇಟ್ಟೆ. ಬಕೆಟ್, ಮಗ್, ಬಲೆ, ಟವೆಲ್ ಎಲ್ಲಕ್ಕೂ ಕೆಂಪು ಟೇಪ್ ಸುತ್ತಿದೆ. ಕೆಂಪು ಟೇಪಿನದು ಹಾಲ್‌ಗೆ ಬರುವಂತಿಲ್ಲ.

ಆಗಸ್ಟ್ 26 – ಸೆಪ್ಟೆಂಬರ್ 14: ಅತಿ ದೊಡ್ಡ ತಪ್ಪು

ಆಗಸ್ಟ್ 26ಕ್ಕೆ 13ನೇ ದಿನ. ಮೀನು ಚೆನ್ನಾಗಿತ್ತು. ಹೊಸ ಗಾಜಿನ ಕ್ವಾರಂಟೈನ್ ಟ್ಯಾಂಕಿಗೆ ಬಿಟ್ಟೆ.

ಸೆಪ್ಟೆಂಬರ್ 1ರ ಬೆಳಿಗ್ಗೆ ಬಾಲದ ಮೇಲೆ ನಾಲ್ಕು ಚುಕ್ಕೆ.

ಅರ್ಧ ದಿನ ಕುಳಿತು ಯೋಚಿಸಿದೆ. ದಾಟಿಸುವುದು ತಡವಾಗಿತ್ತಾ? ಇಲ್ಲ, ನೋಟ್‌ಬುಕ್‌ನಲ್ಲಿ ಗಂಟೆ ಬರೆದಿದ್ದೆ. ಟಬ್ ಒಣಗಿರಲಿಲ್ಲವಾ? ಒಣಗಿತ್ತು. ಆಮೇಲೆ ಸ್ಪಾಂಜ್ ಕಣ್ಣಿಗೆ ಬಿತ್ತು. ಹೊಸ ಟ್ಯಾಂಕಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೇಗ ಬರಲಿ ಅಂತ ಆ ಸ್ಪಾಂಜನ್ನು ಹತ್ತು ದಿನ ಮುಖ್ಯ ಟ್ಯಾಂಕಿನ ಹಿಂಬದಿಯಲ್ಲಿ ನೆನೆಹಾಕಿದ್ದೆ. ರೋಗ ಇರುವ ಟ್ಯಾಂಕಿನಲ್ಲಿ! ಒದ್ದೆ ಸ್ಪಾಂಜಿನಲ್ಲಿ ಗೂಡುಗಳನ್ನು ಕೈಯಾರೆ ತಂದು ಮೀನಿನ ಪಕ್ಕ ಇಟ್ಟಿದ್ದೆ. ಹಳೆಯ ಟ್ಯಾಂಕಿನಲ್ಲಿ ಸ್ಪಾಂಜ್ ನೆನೆಸಿಡಿ ಅಂತ ಎಲ್ಲರೂ ಹೇಳುತ್ತಾರೆ. ಆ ಟ್ಯಾಂಕಿನಲ್ಲಿ ರೋಗ ಇಲ್ಲದಿದ್ದರೆ ಮಾತ್ರ ಅದು ಸರಿ.

ಸೆಪ್ಟೆಂಬರ್ 2ರಿಂದ ಎಲ್ಲ ಮೊದಲಿನಿಂದ. 2, 5, 8, 11ಕ್ಕೆ ಟಬ್. ಗಾಜಿನ ಟ್ಯಾಂಕ್ ಖಾಲಿ ಮಾಡಿ, ಬ್ಲೀಚ್ ನೀರಿನಲ್ಲಿ ತೊಳೆದು, ಬರಿ ನೀರಿನಲ್ಲಿ ನಾಲ್ಕು ಸಲ ತೊಳೆದು ಒಣಗಿಸಿದೆ. ಸ್ಪಾಂಜ್ ಎಸೆದು ಹೊಸದು ಹಾಕಿದೆ. ಬಾಟಲಿ ಬ್ಯಾಕ್ಟೀರಿಯಾ ಹಾಕಿ, ಅಮೋನಿಯಂ ಕ್ಲೋರೈಡ್‌ನಿಂದ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷಕ್ಕೆ 2 ಭಾಗ) ಏರಿಸಿದೆ. 12 ದಿನವಾದರೂ ಆ 2 ಪಿಪಿಎಂ ಇಳಿಯಲು ಎರಡು ದಿನ ಬೇಕಾಗುತ್ತಿತ್ತು. ಒಂದೇ ದಿನದಲ್ಲಿ ಸೊನ್ನೆಗೆ ಬಂದರೆ ಮಾತ್ರ ಟ್ಯಾಂಕ್ ಸಿದ್ಧ. ಕಾಯಲು ಸಮಯ ಇರಲಿಲ್ಲ. ಪೂರ್ತಿ ನೀರು ಬದಲಿಸಿ 14ಕ್ಕೆ ಮೀನು ಬಿಟ್ಟೆ. ಎರಡು ವಾರ ದಿನ ಬಿಟ್ಟು ದಿನ 10 ಲೀಟರ್ ನೀರು ಬದಲಿಸಿದೆ. ಅಮೋನಿಯಾ 0.25ಕ್ಕಿಂತ ಜಾಸ್ತಿ ಆಗಲಿಲ್ಲ. ಮೊದಲೇ, ಮೀನು ಇಲ್ಲದಿರುವಾಗಲೇ ಸ್ಪಾಂಜ್ ಸಿದ್ಧ ಮಾಡಿಟ್ಟಿದ್ದರೆ ಈ ಓಡಾಟ ಬೇಕಿರಲಿಲ್ಲ.

ಇದೇ ವಾರ ಇನ್ನೊಂದು ಗೊತ್ತಾಯಿತು. ಉಪ್ಪಿನಂಶ ಅಳೆಯುವ ಯಂತ್ರ ರಿಫ್ರ್ಯಾಕ್ಟೋಮೀಟರನ್ನು ಆರ್‌ಒ ನೀರಿನಲ್ಲಿ ಸೊನ್ನೆಗೆ ಹೊಂದಿಸುತ್ತಿದ್ದೆ. ಸೊನ್ನೆ ಸರಿ ಇದ್ದರೆ 35 ಕೂಡ ಸರಿ ಇರಬೇಕೆಂದಿಲ್ಲ. ಸಮುದ್ರದ ನೀರಿನ 35 ಪಿಪಿಟಿಗೆ (ಸಾವಿರಕ್ಕೆ 35 ಭಾಗ ಉಪ್ಪು) ಸರಿಹೊಂದುವ ದ್ರಾವಣ ಮನೆಯಲ್ಲೇ ಮಾಡಬಹುದು. 963.5 ಗ್ರಾಂ ಶುದ್ಧ ನೀರಿಗೆ 36.5 ಗ್ರಾಂ ಅಡುಗೆ ಉಪ್ಪು. ನನ್ನ ತೂಕದ ಯಂತ್ರ ಅರ್ಧ ಗ್ರಾಂ ತೋರಿಸುವುದಿಲ್ಲ. ಹಾಗಾಗಿ ದುಪ್ಪಟ್ಟು ಮಾಡಿದೆ: 1,927 ಗ್ರಾಂ ನೀರು, 73 ಗ್ರಾಂ ಉಪ್ಪು. ನನ್ನ ರಿಫ್ರ್ಯಾಕ್ಟೋಮೀಟರ್ ಅದಕ್ಕೆ 35ರ ಬದಲು 32 ತೋರಿಸಿತು. ಅಂದರೆ ಒಂದೂವರೆ ವರ್ಷದಿಂದ 1.025 ಅಂತ ನಾನು ನಂಬಿದ್ದು ನಿಜದಲ್ಲಿ 1.027ರ ಸುತ್ತಮುತ್ತ ಇತ್ತು. ಅಂಗಡಿಯ ಕಡಿಮೆ ಉಪ್ಪಿನ ನೀರಿನಿಂದ ಬಂದ ಮೀನುಗಳಿಗೆ ಅಷ್ಟೂ ಸಲ ನಾನು ಅಂದುಕೊಂಡದ್ದಕ್ಕಿಂತ ದೊಡ್ಡ ಹೊಡೆತ ಬಿದ್ದಿತ್ತು. ಅವತ್ತೇ ಸರಿಮಾಡಿದೆ. ಟಾಗೋರ್ ಬೀಚಿನ 1.014ಕ್ಕೂ ಇದೇ ಲೆಕ್ಕ ಸೇರಿಸಿಕೊಳ್ಳಬೇಕು.

ಅಕ್ಟೋಬರ್ 29: 76 ದಿನ

ಮುಖ್ಯ ಟ್ಯಾಂಕಿನಲ್ಲಿ ಮೀನು ಇಲ್ಲದೆ ಇದ್ದರೆ ಹೊರಬಂದ ಹುಳ ಮೀನು ಸಿಗದೆ ಒಂದೆರಡು ದಿನದಲ್ಲಿ ಸಾಯುತ್ತದೆ. ಆದರೆ ಎಲ್ಲ ಗೂಡು ಒಟ್ಟಿಗೆ ಒಡೆಯುವುದಿಲ್ಲ. ಕೆಲವು 72 ದಿನದವರೆಗೂ ಸುಮ್ಮನಿದ್ದು ಒಡೆದ ದಾಖಲೆ ಇದೆ. ಅದಕ್ಕೇ ಹವ್ಯಾಸಿಗಳು 76 ದಿನ ಖಾಲಿ ಬಿಡಿ ಅನ್ನುವುದು. ಬೆಚ್ಚಗಿನ ನೀರಲ್ಲಿ ಅದಕ್ಕಿಂತ ಕಡಿಮೆ ಸಾಕು ಅಂತ ಈಗ ಹಲವರು ಹೇಳುತ್ತಾರೆ. ನಾನು ಒಂದು ದಿನವನ್ನೂ ಬಿಡಲಿಲ್ಲ. ಆಗಸ್ಟ್ 14ರಿಂದ ಎಣಿಸಿ ಅಕ್ಟೋಬರ್ 29. ಅಲ್ಲಿಯವರೆಗೆ ಏಡಿಗಳಿಗೆ ವಾರಕ್ಕೆ ಎರಡು ಸಲ ಚಿಟಿಕೆ ಆಹಾರ. ಝೋವಾಂತಿಡ್‌ಗಳು ಆ ಎರಡೂವರೆ ತಿಂಗಳಲ್ಲಿ ಮೊದಲಿಗಿಂತ ಚೆನ್ನಾಗಿ ಹರಡಿದವು.

ಹಳೆಯ ಕ್ಲೌನ್ ಮನೆಗೆ ಮರಳಿತು. ಗಾಜಿನ ಟ್ಯಾಂಕನ್ನು ನಿಲ್ಲಿಸಲಿಲ್ಲ. ದಿನಕ್ಕೆ ಎರಡು ಕಾಳು ಆಹಾರ ಹಾಕುತ್ತಾ ಹೋದೆ. ಅದು ಕೊಳೆತು ಬರುವ ಅಮೋನಿಯಾದಿಂದ ಸ್ಪಾಂಜ್ ಜೀವಂತ ಇರುತ್ತದೆ.

ನವೆಂಬರ್ 9 – 10: ಬೆಂಗಳೂರಿನಿಂದ ಶಿರವಾಡ

ಈ ಸಲ ಕೊರಿಯರ್ ಬೇಡ ಅಂತ ನಾನೇ ಹೋದೆ. ಅಕ್ಕನ ಮನೆಗೆ ಹೋಗುವುದೂ ಇತ್ತು. ಅಂಗಡಿಯಲ್ಲಿ ಒಂದು ತಾಸು ನಿಂತೆ. ನನ್ನ ಎದುರೇ ಆಹಾರ ಹಾಕಿಸಿದೆ. ತಿನ್ನದ ಮೀನು ತರಬಾರದು. ಕಿವಿರು ಒಂದೇ ಸಮನೆ ಬಡಿದುಕೊಳ್ಳುವ ಮೀನು ಬೇಡ. ಒಂದು ಸಣ್ಣ ಒಸೆಲ್ಲಾರಿಸ್ ಆರಿಸಿದೆ, ಸುಮಾರು 3 ಸೆಂ.ಮೀ. ನಮ್ಮ ಮನೆಯದು 6 ಸೆಂ.ಮೀ. ಕ್ಲೌನ್ ಜೋಡಿಯಲ್ಲಿ ದೊಡ್ಡದು ಹೆಣ್ಣು, ಸಣ್ಣದು ಗಂಡು. ಒಂದೇ ಅಳತೆಯವು ಸೇರಿದರೆ ಹೊಡೆದಾಟ ಜಾಸ್ತಿ. ಜೊತೆಗೆ ಒಂದು ಫೈರ್‌ಫಿಶ್ ಕೂಡ ತೆಗೆದುಕೊಂಡೆ. ಬಿಳಿಯಿಂದ ಕೆಂಪಿಗೆ ತಿರುಗುವ ಮೈ, ಬೆನ್ನಿನ ಮೇಲೆ ಎತ್ತಿದ ಉದ್ದ ಕಡ್ಡಿ. ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಅಂಗಡಿಯ ನೀರನ್ನು ನನ್ನ ರಿಫ್ರ್ಯಾಕ್ಟೋಮೀಟರ್‌ನಿಂದಲೇ ಅಳೆದೆ. 1.019. ಅಂಗಡಿಗಳಲ್ಲಿ ಹೀಗೆ ಕಡಿಮೆ ಇಡುವುದು ಸಾಮಾನ್ಯ. ಕೂಡಲೇ ಮನೆಯಲ್ಲಿದ್ದ ತಮ್ಮನಿಗೆ ಫೋನ್ ಮಾಡಿ ಸಿದ್ಧಮಾಡಲು ಹೇಳಿದೆ. ಮೊದಲ ಟಬ್‌ಗೆ 20 ಲೀಟರ್ ನೀರು, 540 ಗ್ರಾಂ ಉಪ್ಪು, ರಾತ್ರಿಯಿಡೀ ಏರ್ ಪಂಪ್, ಹೀಟರ್ 26 ಡಿಗ್ರಿ. ಮೀನನ್ನು ಒಗ್ಗಿಸಲು ಹನಿ ಬಿಡುವ ಬದಲು, ನೀರನ್ನೇ ಮೀನಿಗೆ ಒಗ್ಗಿಸಿ ಇಟ್ಟುಕೊಳ್ಳುವುದು. ಐದು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ನನಗೆ ಅತಿ ಇಷ್ಟವಾದದ್ದು ಇದು.

ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಥರ್ಮೋಕೋಲ್ ಪೆಟ್ಟಿಗೆ ಮಡಿಲಲ್ಲಿ. ಘಟ್ಟ ಇಳಿಯುವಾಗ ತಣ್ಣಗಾಗುತ್ತದೆ ಅಂತ ಪೆಟ್ಟಿಗೆಗೆ ಶಾಲು ಹೊದಿಸಿದ್ದೆ. ಬೆಳಿಗ್ಗೆ ಶಿರವಾಡದ ಸ್ಟೇಷನ್‌ನಲ್ಲಿ ಇಳಿದಾಗ ಎರಡೂ ಈಜುತ್ತಿದ್ದವು.

ಮನೆಗೆ ಬಂದು ಮುಚ್ಚಿದ ಚೀಲವನ್ನು 20 ನಿಮಿಷ ಟಬ್‌ನಲ್ಲಿ ತೇಲಿಬಿಟ್ಟೆ, ಬಿಸಿ ಸಮವಾಗಲಿ ಎಂದು. ಬಿಚ್ಚಿದೆ. ಅಳೆದೆ, 1.019. ಕೂಡಲೇ ಕಪ್‌ನಲ್ಲಿ ಮೀನು ಎತ್ತಿ ಟಬ್‌ಗೆ. ಚೀಲ ಬಿಚ್ಚಿದ್ದರಿಂದ ಮೀನು ಟಬ್ ಸೇರುವವರೆಗೆ ಮೂರು ನಿಮಿಷ. ಚೀಲದ ನೀರು ಒಂದು ಹನಿಯೂ ಟಬ್‌ಗೆ ಬೀಳಲಿಲ್ಲ. ದೀಪ ಆರಿಸಿದೆ. ಅವತ್ತು ಆಹಾರ ಇಲ್ಲ. ಜುಲೈನಲ್ಲಿ ಕಂಡ ಆ ಜೋರು ಉಸಿರಾಟ ಈ ಸಲ ಇರಲಿಲ್ಲ.

ನವೆಂಬರ್ 10 – 22: ನಾಲ್ಕು ಟಬ್, ಒಂದು ಸಾವು

ಟಬ್ ಬದಲಿಸುವುದರ ಜೊತೆಗೇ ಉಪ್ಪನ್ನೂ ಏರಿಸಬಹುದು ಅಂತ ಹೊಳೆಯಿತು. 10ಕ್ಕೆ 1.019, 13ಕ್ಕೆ 1.021, 16ಕ್ಕೆ 1.023, 19ಕ್ಕೆ 1.025. ಮೀನಿಗೆ ಉಪ್ಪು ಇಳಿಯುವುದಕ್ಕಿಂತ ಏರುವುದು ಕಷ್ಟ. ಮೂರು ದಿನಕ್ಕೊಮ್ಮೆ 0.002ರಷ್ಟು ಏರಿಸಿದ್ದು ಎರಡೂ ಮೀನಿಗೆ ಸರಿಹೋಯಿತು.

ಚರ್ಮ, ಕಿವಿರಿನಲ್ಲಿರುವ ಚಪ್ಪಟೆ ಹುಳಕ್ಕೆ ಪ್ರಾಜಿಕ್ವಾಂಟೆಲ್ ಹಾಕಿದೆ. ಲೀಟರ್‌ಗೆ 2.5 ಮಿಲಿಗ್ರಾಂ, 20 ಲೀಟರ್‌ಗೆ 50 ಮಿಲಿಗ್ರಾಂ. ಮೊದಲ ಮತ್ತು ಮೂರನೇ ಟಬ್‌ಗೆ. ಶುದ್ಧ ಪುಡಿಯೇ ಬೇಕು. ನಾಯಿಗೆ ಕೊಡುವ ಹಲವು ಮಾತ್ರೆಗಳಲ್ಲಿ ಬೇರೆ ಔಷಧಿಯೂ ಸೇರಿರುತ್ತದೆ. ಪುಡಿ ನೀರಲ್ಲಿ ಸುಲಭಕ್ಕೆ ಕರಗುವುದಿಲ್ಲ, ಸಣ್ಣ ಬಾಟಲಿಯಲ್ಲಿ ಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕುಲುಕಿದೆ. ಇದು ಹಾಕಿದ ಮೇಲೆ ನೀರು ಮಸುಕಾಗುತ್ತದೆ, ಬ್ಯಾಕ್ಟೀರಿಯಾ ಹೆಚ್ಚಿ ಆಮ್ಲಜನಕ ಇಳಿಯುತ್ತದೆ. 16ರ ರಾತ್ರಿ ಹೀಗೆ ಮಸುಕಾಗಿದ್ದಾಗಲೇ ಕರೆಂಟ್ ಹೋಯಿತು. 390 ರೂಪಾಯಿಯ ಬ್ಯಾಟರಿ ಏರ್ ಪಂಪ್ ಮೂರು ತಾಸು ಓಡಿತು. ಅದಿಲ್ಲದಿದ್ದರೆ ಎರಡೂ ಹೋಗುತ್ತಿದ್ದವು. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಸಿಗಡಿಯನ್ನು ಸಣ್ಣಗೆ ಹೆಚ್ಚಿ ಫ್ರೀಜ್ ಮಾಡಿದ್ದು ಮತ್ತು ಕಾಳು ಆಹಾರ ಕೊಟ್ಟೆ. ಕ್ಲೌನ್ ಎರಡನೇ ದಿನವೇ ತಿಂದಿತು. ಫೈರ್‌ಫಿಶ್ ನಾಲ್ಕನೇ ದಿನ ಪೈಪಿನಿಂದ ಅರ್ಧ ಮೈ ಹೊರಹಾಕಿ ಒಂದು ಚೂರು ಹಿಡಿಯಿತು.

19ರ ಬೆಳಿಗ್ಗೆ ಟಬ್ ಬದಲಿಸಲು ಹೋದಾಗ ಫೈರ್‌ಫಿಶ್ ಇರಲಿಲ್ಲ. ಮೇಜಿನ ಹಿಂದೆ, ಗೋಡೆಯ ಬದಿಯಲ್ಲಿ ಒಣಗಿ ಬಿದ್ದಿತ್ತು. ಈ ಮೀನು ಹಾರುತ್ತದೆ ಅಂತ ನನಗೆ ಗೊತ್ತಿತ್ತು. ಟಬ್‌ನ ಮುಚ್ಚಳವನ್ನೂ ಹಾಕಿದ್ದೆ. ಆದರೆ ಹೀಟರ್ ವೈರು ಮತ್ತು ಏರ್ ಟ್ಯೂಬಿಗಾಗಿ ಮೂಲೆಯಲ್ಲಿ ಎರಡು ಇಂಚು ಜಾಗ ಬಿಟ್ಟಿದ್ದೆ. ಬೆರಳಿನಷ್ಟು ತೆಳ್ಳಗಿನ ಮೀನಿಗೆ ಅದು ಬಾಗಿಲಿನಷ್ಟು ದೊಡ್ಡದು. ಅಷ್ಟು ದೂರದಿಂದ ಜೋಪಾನವಾಗಿ ತಂದ ಜೀವ ನನ್ನ ಅವಸರದಿಂದ ಹೋಯಿತು. ಅವತ್ತು ಕೆಲಸಕ್ಕೆ ಹೋಗಲು ಮನಸ್ಸಾಗಲಿಲ್ಲ.

ಬೈತಖೋಲ್ ಬಂದರಿನಲ್ಲಿ ಬಲೆ ರಿಪೇರಿ ಮಾಡುವವರೊಬ್ಬರು ಒಂದು ತುಂಡು ಬಲೆ ಕೊಟ್ಟರು. ಕಣ್ಣು ಬೆರಳಗಲ ಇತ್ತು, ಅದರಿಂದಲೂ ಹಾರಬಹುದು. ಕೊನೆಗೆ ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಪರದೆ. ಅಲ್ಯೂಮಿನಿಯಂ ಚೌಕಟ್ಟು, ಅಂಚಿಗೆ ರಬ್ಬರ್ ಬೀಡಿಂಗ್. ವೈರು ಹೋಗುವ ಕಡೆ ಸ್ಪಾಂಜ್ ತುಂಡು ತುರುಕಿದೆ. ಪೆನ್ಸಿಲ್ ಕೂಡ ತೂರದಂತೆ. ಖರ್ಚು 260 ರೂ.

22ಕ್ಕೆ ಕ್ಲೌನ್ ಒಂದೇ ಗಾಜಿನ ಟ್ಯಾಂಕಿಗೆ ಹೋಯಿತು.

ನವೆಂಬರ್ 22 – ಡಿಸೆಂಬರ್ 12

ಇಪ್ಪತ್ತು ದಿನ ನೋಡುವುದು, ತಿನ್ನಿಸುವುದು, ಅಷ್ಟೇ. ಬೆಳಿಗ್ಗೆ ಟಾರ್ಚ್ ಹಿಡಿದು ಪಕ್ಕದಿಂದ ಬೆಳಕು ಬಿಟ್ಟರೆ ಸಣ್ಣ ಚುಕ್ಕೆಯೂ ಕಾಣುತ್ತದೆ. ಅಮೋನಿಯಾ ಅಷ್ಟೂ ದಿನ ಸೊನ್ನೆ, ಸ್ಪಾಂಜ್ ಈಗ ಪಕ್ಕಾ. ಮೀನು ಕಣ್ಣಿಗೆ ಕಾಣುವಷ್ಟು ದಪ್ಪವಾಯಿತು.

ಡಿಸೆಂಬರ್ 12 – 17: ಪೆಟ್ಟಿಗೆಯೊಳಗೆ ಪರಿಚಯ

ರೋಗ ಇಲ್ಲದಿದ್ದರೆ ಸಾಕಾಗುವುದಿಲ್ಲ. ಹಳೆಯ ಮೀನು ಹೊಸದನ್ನು ಹೊಡೆದು ಕೊಲ್ಲಬಹುದು. ಅದಕ್ಕೆ ಪಾರದರ್ಶಕ ಪೆಟ್ಟಿಗೆ ಮಾಡಿದೆ. ಅಡುಗೆಮನೆಯ 5 ಲೀಟರ್ ಪ್ಲಾಸ್ಟಿಕ್ ಡಬ್ಬ, 180 ರೂ. ಸೋಲ್ಡರಿಂಗ್ ಕಡ್ಡಿಯಿಂದ ನಾಲ್ಕೂ ಕಡೆ, ತಳಕ್ಕೂ 5 ಮಿ.ಮೀ. ತೂತು, ಒಟ್ಟು ನೂರರ ಹತ್ತಿರ. ಅಂಗಳದಲ್ಲಿ ಕುಳಿತು ಮಾಡಿ, ಹೊಗೆ ಕೆಟ್ಟದ್ದು. ತೂತಿನ ಒಳಅಂಚು ಚೂಪಾಗಿರುತ್ತದೆ. ಮರಳು ಕಾಗದದಿಂದ ಉಜ್ಜಿ, ಬೆರಳಾಡಿಸಿ ನೋಡಿದೆ.

ಮೊದಲು ಸಕ್ಷನ್ ಕಪ್‌ನಿಂದ ಗಾಜಿಗೆ ಅಂಟಿಸಿ ಮೀನಿಲ್ಲದೆ ಒಂದು ರಾತ್ರಿ ಬಿಟ್ಟು ನೋಡಿದೆ. ಬೆಳಗಾಗುವಷ್ಟರಲ್ಲಿ ಎರಡು ಕಪ್ ಜಾರಿ ಡಬ್ಬ ಓರೆಯಾಗಿತ್ತು. ಒಳಗೆ ಮೀನಿದ್ದರೆ ಹೊರಗೆ ಬರುತ್ತಿತ್ತು. ಆಮೇಲೆ ಪಿವಿಸಿ ಪೈಪ್ ಸೀಳಿ ಕೊಕ್ಕೆ ಮಾಡಿ ಟ್ಯಾಂಕಿನ ಅಂಚಿಗೆ ನೇತುಹಾಕಿದೆ. ಅಂಚು ನೀರಿಗಿಂತ 4 ಸೆಂ.ಮೀ. ಮೇಲೆ, ಮೇಲಕ್ಕೆ ಪರದೆಯ ಮುಚ್ಚಳ. ಒಳಗೆ ಒಂದು ಎಲ್ಬೋ.

12ರ ಸಂಜೆ ಸಣ್ಣದನ್ನು ಒಳಗೆ ಬಿಟ್ಟೆ. ಹೆಣ್ಣು ಬಂದು ಡಬ್ಬಕ್ಕೆ ಮೂತಿ ಹೊಡೆಯಿತು. ಅರ್ಧ ತಾಸಿನಲ್ಲಿ ನಲವತ್ತಕ್ಕೂ ಜಾಸ್ತಿ ಸಲ. ಎರಡನೇ ದಿನವೂ ಹಾಗೆಯೇ. ಮೂರನೇ ದಿನ ಇಬ್ಬರಿಗೂ ಒಂದೇ ಹೊತ್ತಿಗೆ, ಡಬ್ಬದ ಒಂದು ಕಡೆ ಮತ್ತು ಇನ್ನೊಂದು ಕಡೆ ಆಹಾರ ಹಾಕಿದೆ. ತಿನ್ನುವಾಗ ಜಗಳ ಇರಲಿಲ್ಲ. ನಾಲ್ಕನೇ ದಿನ ಸಣ್ಣದು ಹೆಣ್ಣನ್ನು ಕಂಡರೆ ಓರೆಯಾಗಿ ಮೈ ನಡುಗಿಸತೊಡಗಿತು. ಕ್ಲೌನ್ ಮೀನುಗಳಲ್ಲಿ ಅದು "ನೀನೇ ದೊಡ್ಡವಳು" ಎಂದು ಒಪ್ಪಿಕೊಳ್ಳುವ ಗುರುತು. ಆ ರಾತ್ರಿ ಹೆಣ್ಣು ಡಬ್ಬದ ಪಕ್ಕವೇ ಮಲಗಿತು.

17ರ ಸಂಜೆ ಮೊದಲು ಹೊಟ್ಟೆ ತುಂಬ ಆಹಾರ. ಎರಡು ಕಲ್ಲುಗಳ ಜಾಗ ಬದಲಿಸಿದೆ, ಹೆಣ್ಣಿಗೂ ಜಾಗ ಸ್ವಲ್ಪ ಹೊಸದಾಗಲಿ ಅಂತ. ದೀಪ ಆರಿಸಿ ಹಾಲ್‌ನ ಮಂದ ಬೆಳಕಿನಲ್ಲಿ ಡಬ್ಬ ಬಾಗಿಸಿದೆ. ಸಣ್ಣದು ತಾನಾಗಿ ಹೊರಬಂತು. ಹೆಣ್ಣು ಮೂರು ಸಲ ಅಟ್ಟಿಸಿತು. ಬಾಲದ ಅಂಚು ಸ್ವಲ್ಪ ಹರಿಯಿತು. ಡಬ್ಬವನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಬೆಳಗಿನವರೆಗೂ ಅಟ್ಟಿಸುತ್ತಿದ್ದರೆ ಹೆಣ್ಣನ್ನೇ ಎರಡು ದಿನ ಡಬ್ಬಕ್ಕೆ ಹಾಕಬೇಕು ಅಂತ ಇದ್ದೆ. ಬೇಕಾಗಲಿಲ್ಲ. 20ಕ್ಕೆ ಜೊತೆಯಲ್ಲಿ ಮಲಗಿದ್ದವು. ಹರಿದ ಬಾಲ ವಾರದಲ್ಲಿ ಬೆಳೆದು ಬಂತು.

ಖರ್ಚು

ಗಾಜಿನ ಟ್ಯಾಂಕ್ 1,300, ಸಿಲಿಕೋನ್ 240, ಏರ್ ಪಂಪ್ 480, ಎರಡು ಸ್ಪಾಂಜ್ ಫಿಲ್ಟರ್ 440, ಹೀಟರ್ 850, ಥರ್ಮಾಮೀಟರ್ 180, ಪಿವಿಸಿ 140, ಟಬ್ 620, ಅಮೋನಿಯಾ ಕಿಟ್ 950, ಬ್ಯಾಟರಿ ಪಂಪ್ 390. ಇಷ್ಟು ಸೇರಿ 5,590 ರೂ. ಉಪ್ಪು 15 ಕೆಜಿ, 4,200 ರೂ. ಪ್ರಾಜಿಕ್ವಾಂಟೆಲ್ 600. ಪರದೆ ಮುಚ್ಚಳ ಮತ್ತು ಡಬ್ಬ 440. ಸ್ಪಾಂಜಿನ ತಪ್ಪು ಮಾಡದಿದ್ದರೆ ಉಪ್ಪಿನಲ್ಲೇ ಸಾವಿರಕ್ಕಿಂತ ಜಾಸ್ತಿ ಉಳಿಯುತ್ತಿತ್ತು.

ಈಗ

ಹಿಂದಿನ ಕೋಣೆಯ ಟ್ಯಾಂಕ್ ಓಡುತ್ತಲೇ ಇದೆ. ದಿನಕ್ಕೆ ಎರಡು ಕಾಳು. ಮುಖ್ಯ ಟ್ಯಾಂಕಿಗೆ 6 ಮಿ.ಮೀ. ಕಣ್ಣಿನ ಪಾರದರ್ಶಕ ಬಲೆ ತರಿಸಿದ್ದೇನೆ, ಚೌಕಟ್ಟಿನ ಒಂದು ಮೂಲೆ ಇನ್ನೂ ಸರಿಯಾಗಿ ಕೂರುತ್ತಿಲ್ಲ, ಪೆನ್ಸಿಲ್ ತೂರುತ್ತದೆ. ಅದನ್ನು ಈ ಭಾನುವಾರ ಬಿಚ್ಚಿ ಮತ್ತೆ ಕಟ್ಟಬೇಕು. ಅದು ಮುಗಿಯುವವರೆಗೆ ಇನ್ನೊಂದು ಫೈರ್‌ಫಿಶ್ ತರುವುದಿಲ್ಲ. ಮಗಳು ಬೆಳಿಗ್ಗೆ ಮತ್ತೆ ಎರಡಕ್ಕೆ ಕೈಬೀಸುತ್ತಿದ್ದಾಳೆ.